ಓದುಗರ ಪ್ರಶ್ನೆ: ಬಟಿಸ್ಟುಟಾ ಅವರ ಗೋಲುಗಳು ಮತ್ತು ಕಾಲುಗಳು

ದಕ್ಷಿಣ ಅಮೆರಿಕದ ಸ್ಟ್ರೈಕರ್‌ಗಳ ಪೈಕಿ ಅರ್ಜೆಂಟೀನಾದ ಗ್ಯಾಬ್ರಿಯೆಲ್ ಬಟಿಸ್ಟುಟಾ ಅವರಿಗೆ ನಮ್ಮಲ್ಲಿ ಸಲ್ಲಬೇಕಾದ ಗಮನ ಸಂದಿಲ್ಲ ಎಂದು ಕಳೆದ ಸಂಚಿಕೆಯ ಈ ಅಂಕಣದಲ್ಲಿ ಬರೆದಿದ್ದೆ. ಅದನ್ನು ಓದಿ ಶಿವಮೊಗ್ಗ ಜಿಲ್ಲೆಯಿಂದಲೂ ನೆರೆಯ ಮಲೆನಾಡಿನ ತಾಲ್ಲೂಕುಗಳಿಂದಲೂ ಹಲವರು ಪತ್ರ ಬರೆದಿದ್ದಾರೆ. ಅವುಗಳಲ್ಲಿ ಕೆಲವನ್ನು ಆರಿಸಿಕೊಂಡು, ಈ ಬಾರಿ ಇಡೀ ಅಂಕಣವನ್ನು ಅವರಿಗೇ ಮೀಸಲಿಡುತ್ತಿದ್ದೇನೆ.

ಪ್ರಶ್ನೆ: ದಕ್ಷಿಣ ಅಮೆರಿಕದ ಫುಟ್‌ಬಾಲ್ ಎಂದರೆ ನಮ್ಮ ತಲೆಮಾರಿಗೆ ಪೆಲೆ ಮತ್ತು ಮರಡೋನಾ, ಮಕ್ಕಳಿಗೆ ಮೆಸ್ಸಿ. ಬಟಿಸ್ಟುಟಾ ಎಲ್ಲಿಂದ ಬಂದವರು? ಅವರೂ ಬಾಲ್ಯದಿಂದಲೇ ಚೆಂಡಿನೊಂದಿಗೆ ಬೆಳೆದವರೇ?
– ವಿನೋಬನಗರ, ಶಿವಮೊಗ್ಗ

ಉತ್ತರ: ಅಲ್ಲ, ಮತ್ತು ಅವರ ಕಥೆಯಲ್ಲಿ ನನಗೆ ಬಹಳ ಇಷ್ಟವಾಗುವ ಸಂಗತಿಯೇ ಅದು. ಬಟಿಸ್ಟುಟಾ 1969ರ ಫೆಬ್ರುವರಿ 1ರಂದು ಅರ್ಜೆಂಟೀನಾದ ಸಾಂಟಾ ಫೆ ಪ್ರಾಂತ್ಯದಲ್ಲಿ ಹುಟ್ಟಿ, ಅದೇ ಪ್ರಾಂತ್ಯದ ರೆಕಾನ್‌ಕ್ವಿಸ್ಟಾ ಎಂಬ ಊರಿನಲ್ಲಿ ಬೆಳೆದರು. ತಂದೆ ಕಸಾಯಿಖಾನೆಯ ಕೆಲಸಗಾರ, ತಾಯಿ ಶಾಲೆಯೊಂದರ ಕಚೇರಿಯಲ್ಲಿ ಉದ್ಯೋಗಿ. ಹುಡುಗನಿಗೆ ಮೊದಲು ಮನಸ್ಸಿದ್ದದ್ದು ಬ್ಯಾಸ್ಕೆಟ್‌ಬಾಲ್ ಮೇಲೆ. 1978ರಲ್ಲಿ ಅರ್ಜೆಂಟೀನಾ ತನ್ನ ನೆಲದಲ್ಲಿಯೇ ವಿಶ್ವಕಪ್ ಗೆದ್ದಾಗ ಮಾರಿಯೋ ಕೆಂಪೆಸ್ ಅವರ ಆಟ ಕಂಡು ಫುಟ್‌ಬಾಲಿನ ಕಡೆ ತಿರುಗಿದರೂ, ದೊಡ್ಡ ಕ್ಲಬ್ಬೊಂದರ ಕಣ್ಣಿಗೆ ಬಿದ್ದದ್ದು ಬಹಳ ತಡವಾಗಿ. ರೆಕಾನ್‌ಕ್ವಿಸ್ಟಾದ ತಂಡಕ್ಕೆ ಆಡುತ್ತ, ರೊಸಾರಿಯೋ ನಗರದ ನ್ಯೂವೆಲ್ಸ್ ಓಲ್ಡ್ ಬಾಯ್ಸ್ ಕ್ಲಬ್ಬಿನ ವಿರುದ್ಧವೇ ಗೋಲು ಹೊಡೆದದ್ದರಿಂದ ಆ ಕ್ಲಬ್ ಅವರನ್ನು ಕರೆಸಿಕೊಂಡಿತು. 1988ರಲ್ಲಿ ಅಲ್ಲಿಗೆ ಸೇರುವಾಗ ಅವರಿಗೆ ಹತ್ತೊಂಬತ್ತು ವರ್ಷ. ಆ ವಯಸ್ಸಿಗೆ ಪೆಲೆ ವಿಶ್ವಕಪ್ ಗೆದ್ದಾಗಿತ್ತು.

ರೊಸಾರಿಯೋದಲ್ಲಿ ಊರಿನ ನೆನಪು ಕಾಡುತ್ತಿತ್ತು, ಮೈ ತೂಕ ಹೆಚ್ಚಿತ್ತು, ಓಟ ನಿಧಾನವಾಗಿತ್ತು. ಅಲ್ಲಿ ಅವರನ್ನು ತಿದ್ದಿದವರು ಮಾರ್ಸೆಲೋ ಬಿಯೆಲ್ಸಾ. ಆಗ ಇನ್ನೂ ಹೆಸರು ಮಾಡದ, ಮುಂದೆ ಅರ್ಜೆಂಟೀನಾ ತಂಡಕ್ಕೇ ತರಬೇತುದಾರರಾದ ವ್ಯಕ್ತಿ. ಸಿಹಿ ತಿನಿಸಿಗೆ ಕಡಿವಾಣ ಹಾಕಿ, ಮಳೆ ಸುರಿಯುವ ದಿನವೂ ಮೈದಾನಕ್ಕಿಳಿದು ಅಭ್ಯಾಸ ಮಾಡುವುದನ್ನು ಕಲಿಸಿದವರು ಅವರೇ ಎಂದು ಬಟಿಸ್ಟುಟಾ ಮುಂದೆ ಕೃತಜ್ಞತೆಯಿಂದ ನೆನೆದಿದ್ದಾರೆ. ಜೂನ್ ಬಂತೆಂದರೆ ಚೆಂಡನ್ನು ಕೋಣೆಯೊಳಗೆ ಇಟ್ಟು ಬೀಗ ಹಾಕುವ ನಮ್ಮ ಶಾಲೆಗಳು ಈ ಮಾತನ್ನು ಗಮನಿಸಬೇಕು.

1989ರಲ್ಲಿ ಬ್ಯೂನಸ್ ಐರಿಸ್‌ನ ರಿವರ್ ಪ್ಲೇಟ್ ಸೇರಿದರು. ಅಲ್ಲಿ ಡೇನಿಯಲ್ ಪಸರೆಲ್ಲಾ ತರಬೇತುದಾರರಾಗಿ ಬಂದ ಮೇಲೆ ತಂಡದಲ್ಲಿ ಜಾಗ ಕಳೆದುಕೊಂಡರು. ಮರುವರ್ಷ ರಿವರ್‌ನ ಕಡು ಎದುರಾಳಿ ಬೊಕಾ ಜೂನಿಯರ್ಸ್‌ಗೆ ಹೋದಾಗಲೂ ಮೊದಲ ತಿಂಗಳುಗಳಲ್ಲಿ ಅವರನ್ನು ಮೈದಾನದ ಅಂಚಿನಲ್ಲಿ ಆಡಿಸಲಾಗುತ್ತಿತ್ತು. 1991ರ ಆರಂಭದಲ್ಲಿ ಉರುಗ್ವೆಯ ಆಸ್ಕರ್ ತಬಾರೆಸ್ ಬೊಕಾದ ಹೊಣೆ ಹೊತ್ತು, ಈತ ನಿಲ್ಲಬೇಕಾದದ್ದು ಗೋಲಿನ ನೇರಕ್ಕೆ ನಡುವಿನಲ್ಲಿ ಎಂದು ತೀರ್ಮಾನಿಸಿದರು. ಆ ಒಂದು ತೀರ್ಮಾನದಿಂದ ಎಲ್ಲವೂ ಬದಲಾಯಿತು. ಬೊಕಾ ಆ ಅರ್ಧ ಋತುವಿನಲ್ಲಿ ಒಂದೂ ಪಂದ್ಯ ಸೋಲದೆ ಅಗ್ರಸ್ಥಾನ ಪಡೆಯಿತು, ಬಟಿಸ್ಟುಟಾ ರಾಷ್ಟ್ರೀಯ ತಂಡಕ್ಕೆ ಆಯ್ಕೆಯಾದರು, ಅದೇ ವರ್ಷ ಚಿಲಿಯಲ್ಲಿ ನಡೆದ, ದಕ್ಷಿಣ ಅಮೆರಿಕದ ರಾಷ್ಟ್ರೀಯ ತಂಡಗಳ ಟೂರ್ನಿಯಾದ ಕೊಪಾ ಅಮೆರಿಕದಲ್ಲಿ 6 ಗೋಲು ಹೊಡೆದು ಟೂರ್ನಿಯ ಅತಿ ಹೆಚ್ಚು ಗೋಲು ಗಳಿಸಿದ ಆಟಗಾರರಾದರು, ಅರ್ಜೆಂಟೀನಾ ಚಾಂಪಿಯನ್ ಆಯಿತು. ಇಟಲಿಯ ಫ್ಲಾರೆನ್ಸ್ ನಗರದ ಫಿಯೊರೆಂಟಿನಾ ಕ್ಲಬ್ ಅವರನ್ನು ಕರೆದೊಯ್ದದ್ದು ಆ ಟೂರ್ನಿಯ ಬೆನ್ನಲ್ಲೇ. ಆಟಗಾರನೊಬ್ಬನ ಸರಿಯಾದ ಜಾಗ ಯಾವುದೆಂದು ಗುರುತಿಸುವ ಕಣ್ಣು ಸಿಗದಿದ್ದರೆ ಎಷ್ಟು ಪ್ರತಿಭೆ ಮೈದಾನದ ಅಂಚಿನಲ್ಲೇ ಸವೆದುಹೋಗಬಹುದು ಎಂಬುದನ್ನು ಈ ಮೂರು ವರ್ಷಗಳನ್ನು ಓದುವಾಗಲೆಲ್ಲ ಯೋಚಿಸುತ್ತೇನೆ.

ಪ್ರಶ್ನೆ: ತಂಡ ಕೆಳದರ್ಜೆಗೆ ಇಳಿದಾಗಲೂ ಬಿಟ್ಟುಹೋಗದ ನಿಷ್ಠಾವಂತ ಎಂದು ತಾವು ಅವರನ್ನು ಹೊಗಳಿದ್ದೀರಿ. ಆದರೆ ಕೊನೆಗೆ ಅವರೂ ದೊಡ್ಡ ಮೊತ್ತಕ್ಕೆ ಬೇರೆ ತಂಡ ಸೇರಿದರಲ್ಲವೇ? ಇದನ್ನು ನಿಷ್ಠೆ ಎನ್ನಬಹುದೇ?
– ನಿವೃತ್ತ ಅಧ್ಯಾಪಕರು, ತೀರ್ಥಹಳ್ಳಿ

ಉತ್ತರ: ತಮ್ಮ ಪ್ರಶ್ನೆ ನ್ಯಾಯವಾದದ್ದು. ನಡೆದದ್ದನ್ನು ಅನುಕ್ರಮವಾಗಿ ಹೇಳುತ್ತೇನೆ, ತೀರ್ಪು ತಮಗೇ ಬಿಟ್ಟದ್ದು; ನನ್ನ ಅಭಿಪ್ರಾಯವನ್ನಂತೂ ಮುಚ್ಚಿಡುವುದಿಲ್ಲ.

ಫಿಯೊರೆಂಟಿನಾದಲ್ಲಿ ಮೊದಲ ಋತುವಿನಲ್ಲಿ 13, ಎರಡನೆಯದರಲ್ಲಿ 16 ಲೀಗ್ ಗೋಲು ಹೊಡೆದರು. ಹಾಗಿದ್ದೂ 1993ರಲ್ಲಿ ತಂಡ ಇಟಲಿಯ ಅಗ್ರ ಲೀಗ್ ಆದ ಸೀರಿ ‘ಎ’ಯಿಂದ ಎರಡನೇ ದರ್ಜೆಯ ಸೀರಿ ‘ಬಿ’ಗೆ ಇಳಿಯಿತು. ಆ ಹೊತ್ತಿಗೆ ಅವರು ಎರಡು ಕೊಪಾ ಅಮೆರಿಕ ಗೆದ್ದ ತಂಡದ ಮುಖ್ಯ ಸ್ಟ್ರೈಕರ್. 1993ರ ಫೈನಲ್‌ನಲ್ಲಿ ಮೆಕ್ಸಿಕೊ ವಿರುದ್ಧ ಅರ್ಜೆಂಟೀನಾ 2-1ರಿಂದ ಗೆದ್ದಾಗ ಎರಡೂ ಗೋಲು ಅವರವೇ. ಮಾರನೆಯ ವರ್ಷವೇ ವಿಶ್ವಕಪ್ ಇತ್ತು. ಅಂಥ ಸ್ಥಿತಿಯಲ್ಲಿ ಎರಡನೇ ದರ್ಜೆಯ ಲೀಗಿನಲ್ಲಿ ಒಂದು ವರ್ಷ ಆಡುವುದೆಂದರೆ ರಾಷ್ಟ್ರೀಯ ತಂಡದಲ್ಲಿನ ಜಾಗವನ್ನೇ ಪಣಕ್ಕಿಟ್ಟಂತೆ. ಅವರು ಉಳಿದರು. ಕ್ಲಾಡಿಯೊ ರನಿಯೇರಿ ತರಬೇತಿಯಲ್ಲಿ ತಂಡ ಒಂದೇ ವರ್ಷಕ್ಕೆ ಮೇಲೆ ಬಂತು, ಅದರಲ್ಲಿ ಬಟಿಸ್ಟುಟಾ ಅವರದು 16 ಗೋಲು.

ಮರಳಿ ಬಂದ 1994–95ರ ಋತುವಿನ ಮೊದಲ ಹನ್ನೊಂದು ಪಂದ್ಯಗಳಲ್ಲಿ ಒಂದನ್ನೂ ಬಿಡದೆ ಗೋಲು ಹೊಡೆದು, ಬೊಲೋನ್ಯಾ ತಂಡದ ಎಜಿಯೊ ಪಸ್ಕುಟಿ 1962–63ರಲ್ಲಿ ಮಾಡಿದ್ದ ದಾಖಲೆಯನ್ನು ಮುರಿದರು. ಋತು ಮುಗಿದಾಗ 26 ಗೋಲುಗಳೊಂದಿಗೆ ಇಟಲಿಯ ಅತಿ ಹೆಚ್ಚು ಗೋಲು ಗಳಿಸಿದವರಾಗಿದ್ದರು. ಸಂಖ್ಯೆ ಇಂದಿನ ಕಣ್ಣಿಗೆ ಸಾಧಾರಣವೆನಿಸಬಹುದು. ಆದರೆ ಆಗ ಸೀರಿ ‘ಎ’ಯಲ್ಲಿ ಹದಿನೆಂಟು ತಂಡ, ಮೂವತ್ತನಾಲ್ಕು ಪಂದ್ಯ, ಎದುರಿಗೆ ಬರೇಸಿ, ಮಾಲ್ದಿನಿ ಅಂಥ ರಕ್ಷಕರು, ಗೋಲು ತಡೆಯುವುದನ್ನೇ ವಿದ್ಯೆಯಾಗಿ ಬೆಳೆಸಿದ ದೇಶ ಅದು. ಒಬ್ಬ ಸ್ಟ್ರೈಕರ್‌ನ ಗೋಲುಗಳನ್ನು ಎಣಿಸುವಾಗ ಅವು ಯಾರ ಎದುರು, ಎಂಥ ಜೊತೆಗಾರರ ನಡುವೆ ಬಂದವು ಎಂಬುದನ್ನು ಸೇರಿಸಿಯೇ ಎಣಿಸಬೇಕೆಂಬುದು ನನ್ನ ದೃಢವಾದ ನಂಬಿಕೆ.

ಒಂಬತ್ತು ಋತುಗಳಲ್ಲಿ ಫಿಯೊರೆಂಟಿನಾಗೆ ಎಲ್ಲ ಟೂರ್ನಿಗಳೂ ಸೇರಿ ಇನ್ನೂರಕ್ಕೂ ಹೆಚ್ಚು ಗೋಲು ಕೊಟ್ಟರು. 1996ರಲ್ಲಿ ಇಟಲಿಯ ಕಪ್ ಗೆದ್ದಾಗ ಅಟಲಾಂಟಾ ವಿರುದ್ಧದ ಫೈನಲ್‌ನ ಎರಡೂ ಪಂದ್ಯಗಳಲ್ಲಿ ಗೋಲು ಹೊಡೆದರು. ಅದೇ ಆಗಸ್ಟ್‌ನಲ್ಲಿ ಮಿಲಾನ್ ತಂಡವನ್ನು ಅದರ ಅಂಗಳದಲ್ಲೇ 2-1ರಿಂದ ಸೋಲಿಸಿ ಸೂಪರ್ ಕಪ್ ಗೆದ್ದಾಗಲೂ ಎರಡೂ ಗೋಲು ಅವರದೇ. ಅಭಿಮಾನಿಗಳು ಅವರ ಆಳೆತ್ತರದ ಕಂಚಿನ ಪ್ರತಿಮೆಯನ್ನೇ ಮಾಡಿಸಿದರು. ಆದರೆ ಲೀಗ್ ಪ್ರಶಸ್ತಿ ಬರಲಿಲ್ಲ. 1998–99ರಲ್ಲಿ ಜೊವಾನಿ ತ್ರಪಟೋನಿ ತರಬೇತಿಯಲ್ಲಿ ತಂಡ ಬಹುಕಾಲ ಅಗ್ರಸ್ಥಾನದಲ್ಲಿತ್ತು. ಫೆಬ್ರುವರಿಯಲ್ಲಿ ಮಿಲಾನ್ ವಿರುದ್ಧ ಆಡುವಾಗ ಬಟಿಸ್ಟುಟಾ ಗಾಯಗೊಂಡು ಹೊರಬಿದ್ದರು, ತಂಡ ಮೂರನೇ ಸ್ಥಾನಕ್ಕೆ ಜಾರಿತು.

2000ದಲ್ಲಿ, ಮೂವತ್ತೊಂದನೆಯ ವಯಸ್ಸಿನಲ್ಲಿ, 70 ಶತಕೋಟಿ ಲಿರಾ ಮೊತ್ತಕ್ಕೆ ರೋಮಾ ಕ್ಲಬ್ ಸೇರಿದರು. ಆ ವರ್ಷದ ನವೆಂಬರ್ 26ರಂದು ಫಿಯೊರೆಂಟಿನಾ ವಿರುದ್ಧವೇ ರೋಮಾದ ಏಕೈಕ ಗೋಲನ್ನು ಅವರು ಹೊಡೆಯಬೇಕಾಗಿ ಬಂತು. ಹೊಸ ಜೊತೆಗಾರರು ಓಡಿಬಂದು ಅಪ್ಪಿಕೊಳ್ಳುತ್ತಿದ್ದರೆ ಅವರು ಕೈ ಎತ್ತಿ ಸಂಭ್ರಮಿಸಲಿಲ್ಲ. ಕಣ್ಣು ತುಂಬಿ ಬಂದಿತ್ತು. 20 ಗೋಲುಗಳೊಂದಿಗೆ ರೋಮಾವನ್ನು 2001ರಲ್ಲಿ ಚಾಂಪಿಯನ್ ಪಟ್ಟಕ್ಕೆ ಏರಿಸಿದರು; ಪಟ್ಟ ನಿರ್ಧಾರವಾದ ಜೂನ್ 17ರ ಪಂದ್ಯದಲ್ಲಿ ಪಾರ್ಮಾ ವಿರುದ್ಧ ತೊತ್ತಿ, ಮೊಂತೆಲ್ಲಾ ಅವರೊಂದಿಗೆ ಅವರ ಹೆಸರೂ ಗೋಲಿನ ಪಟ್ಟಿಯಲ್ಲಿತ್ತು. ತನ್ನ ದೇಹದ ಅತ್ಯುತ್ತಮ ಒಂಬತ್ತು ವರ್ಷಗಳನ್ನು ಒಂದು ಊರಿಗೆ ಕೊಟ್ಟವನು, ಕೊನೆಯ ಶಕ್ತಿ ಉಳಿದಿರುವಾಗ ಒಮ್ಮೆ ಗೆಲ್ಲಬೇಕೆಂದು ಹೊರಟರೆ ಅದನ್ನು ದ್ರೋಹವೆನ್ನಲು ನನಗೆ ಮನಸ್ಸಾಗುವುದಿಲ್ಲ. ಬಿಟ್ಟುಹೋಗಲು ಸಲೀಸಾದ ಕಾರಣವಿದ್ದ 1993ರಲ್ಲಿ ಉಳಿದದ್ದೇ ನನ್ನ ದೃಷ್ಟಿಯಲ್ಲಿ ಹೆಚ್ಚು ತೂಕದ್ದು.

ಪ್ರಶ್ನೆ: ಅವರ ಯಾವುದಾದರೂ ಒಂದೇ ಗೋಲನ್ನು ನೋಡಬೇಕೆಂದರೆ ಯಾವುದನ್ನು ನೋಡಲಿ?
– ಪದವಿ ವಿದ್ಯಾರ್ಥಿ, ಭದ್ರಾವತಿ

ಉತ್ತರ: 1999ರ ಅಕ್ಟೋಬರ್ 27ರಂದು ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ ಆರ್ಸೆನಲ್ ವಿರುದ್ಧ ಹೊಡೆದದ್ದನ್ನು ನೋಡಿ. ಯುರೋಪಿನ ಅಗ್ರ ಕ್ಲಬ್‌ಗಳ ಟೂರ್ನಿಯಾದ ಚಾಂಪಿಯನ್ಸ್ ಲೀಗ್‌ನ ಪಂದ್ಯ, ಕೊನೆಯ ಕಾಲು ಗಂಟೆ, ಇನ್ನೂ ಯಾರೂ ಗೋಲು ಗಳಿಸಿಲ್ಲ. ಪೆನಾಲ್ಟಿ ಆವರಣದ ಬಲಬದಿಯಲ್ಲಿ ಚೆಂಡು ಅವರಿಗೆ ಸಿಗುತ್ತದೆ, ಎದುರಿಗೆ ನೈಜೆಲ್ ವಿಂಟರ್‌ಬರ್ನ್ ನಿಂತಿದ್ದಾರೆ. ಬಟಿಸ್ಟುಟಾ ಚೆಂಡನ್ನು ಒಳಗೆ, ಗೋಲಿನ ಕಡೆಗೆ ತರುವುದಿಲ್ಲ. ಇನ್ನೂ ಬಲಕ್ಕೆ, ಕೋನ ಮತ್ತಷ್ಟು ಕಿರಿದಾಗುವ ದಿಕ್ಕಿಗೇ ತಳ್ಳುತ್ತಾರೆ. ಅಲ್ಲಿಂದ ಅಡ್ಡ ಪಾಸ್ ಕೊಡುವುದೇ ದಾರಿ ಎಂದು ನೋಡುವವರೆಲ್ಲ ಭಾವಿಸುವ ಹೊತ್ತಿಗೆ ಬಲಗಾಲಿನಿಂದ ಬಾರಿಸುತ್ತಾರೆ. ಚೆಂಡು ಗೋಲ್‌ಕೀಪರ್ ಡೇವಿಡ್ ಸೀಮನ್ ಅವರ ಕೈಗೆ ಎಟುಕದಂತೆ ಮೇಲೆ ಹಾಯ್ದು, ದೂರದ ಕಂಬದ ಮೇಲ್ಮೂಲೆಯ ಬಲೆಗೆ ಬೀಳುತ್ತದೆ. ಇಡೀ ಕ್ರಿಯೆಯಲ್ಲಿ ಅವರು ಚೆಂಡನ್ನು ಮುಟ್ಟಿದ ಬಾರಿಗಳನ್ನು ಬೆರಳಲ್ಲೇ ಎಣಿಸಬಹುದು. ಆ ಒಂದು ಗೋಲಿನಿಂದ ಪಂದ್ಯ ಮುಗಿಯಿತು, ಆರ್ಸೆನಲ್ ಗುಂಪಿನ ಹಂತದಲ್ಲೇ ಹೊರಬಿತ್ತು.

ಮೊದಲ ಸಲ ಚೆಂಡನ್ನು ನೋಡಿ; ಎರಡನೆಯ ಸಲ ಚೆಂಡನ್ನು ಬಿಟ್ಟು ಅವರ ಎಡಗಾಲನ್ನು ಮಾತ್ರ ನೋಡಿ. ಹೊಡೆಯುವ ಮುನ್ನ ನೆಲಕ್ಕೆ ಊರಿದ ಆ ಕಾಲು ಇಡೀ ದೇಹದ ಭಾರವನ್ನು ಹೊತ್ತು ಅಲುಗದೆ ನಿಲ್ಲುವುದರಲ್ಲಿಯೇ ಆ ಹೊಡೆತದ ಬಲವಿದೆ.

ಪ್ರಶ್ನೆ: ಅರ್ಜೆಂಟೀನಾ ಪರ ಅವರ ಗೋಲುಗಳನ್ನು ಕೆಲವೆಡೆ 54 ಎಂದೂ ಕೆಲವೆಡೆ 56 ಎಂದೂ ಬರೆಯುತ್ತಾರೆ. ಯಾವುದು ಸರಿ? ವಿಶ್ವಕಪ್‌ನಲ್ಲಿ ಅವರ ಸಾಧನೆ ಏನು?
– ಹೊಸನಗರ

ಉತ್ತರ: ಒಂದು ಪಂದ್ಯವನ್ನು ಅಧಿಕೃತ ಅಂತಾರಾಷ್ಟ್ರೀಯ ಪಂದ್ಯವೆಂದು ಎಣಿಸುವುದೋ ಬಿಡುವುದೋ ಎಂಬುದರಿಂದ ಈ ವ್ಯತ್ಯಾಸ ಹುಟ್ಟಿದೆ. ಹಳೆಯ ಪಟ್ಟಿಗಳು 78 ಪಂದ್ಯ, 56 ಗೋಲು ಎನ್ನುತ್ತವೆ. ಈಗ ಸಾಮಾನ್ಯವಾಗಿ ಒಪ್ಪಿರುವ ಲೆಕ್ಕ 77 ಪಂದ್ಯ, 54 ಗೋಲು. ಲಯೊನೆಲ್ ಮೆಸ್ಸಿ 2016ರ ಜೂನ್ 21ರಂದು ಅಮೆರಿಕ ವಿರುದ್ಧ ತಮ್ಮ 55ನೇ ಗೋಲು ಹೊಡೆದಾಗ ಬಟಿಸ್ಟುಟಾ ಅವರ ದಾಖಲೆ ಮುರಿಯಿತೆಂದು ಪ್ರಕಟಿಸಿದ್ದು ಈ ಲೆಕ್ಕದ ಮೇಲೆಯೇ.

ವಿಶ್ವಕಪ್‌ನಲ್ಲಿ ಅವರು 12 ಪಂದ್ಯಗಳಲ್ಲಿ 10 ಗೋಲು ಹೊಡೆದಿದ್ದಾರೆ: 1994ರಲ್ಲಿ 4, 1998ರಲ್ಲಿ 5, 2002ರಲ್ಲಿ 1. ಇದರಲ್ಲಿ ಎರಡು ಹ್ಯಾಟ್ರಿಕ್‌ಗಳಿವೆ. ಮೊದಲನೆಯದು 1994ರ ಜೂನ್ 21ರಂದು ಗ್ರೀಸ್ ವಿರುದ್ಧ, ಅದೂ ಅವರ ಮೊದಲ ವಿಶ್ವಕಪ್ ಪಂದ್ಯದಲ್ಲಿ; ಮರಡೋನಾ ವಿಶ್ವಕಪ್‌ನ ತಮ್ಮ ಕೊನೆಯ ಗೋಲು ಹೊಡೆದದ್ದು ಅದೇ ಪಂದ್ಯದಲ್ಲಿ. ಎರಡನೆಯದು ಸರಿಯಾಗಿ ನಾಲ್ಕು ವರ್ಷದ ಬಳಿಕ, 1998ರ ಜೂನ್ 21ರಂದು ಪ್ಯಾರಿಸ್‌ನಲ್ಲಿ ಜಮೈಕಾ ವಿರುದ್ಧ. ದ್ವಿತೀಯಾರ್ಧದ ಸುಮಾರು ಹತ್ತು ನಿಮಿಷಗಳ ಅವಧಿಯಲ್ಲಿ ಮೂರೂ ಗೋಲುಗಳು ಬಂದವು. ಒಂದೇ ವಿಶ್ವಕಪ್‌ನಲ್ಲಿ ಎರಡು ಹ್ಯಾಟ್ರಿಕ್ ಹೊಡೆದವರು ಹಂಗೆರಿಯ ಕೊಚಿಶ್, ಫ್ರಾನ್ಸ್‌ನ ಫಾಂಟೇನ್, ಜರ್ಮನಿಯ ಗೆರ್ಡ್ ಮುಲ್ಲರ್. 2022ರವರೆಗಿನ ಟೂರ್ನಿಗಳನ್ನು ತೆಗೆದುಕೊಂಡರೆ, ಎರಡು ಬೇರೆ ಬೇರೆ ವಿಶ್ವಕಪ್‌ಗಳಲ್ಲಿ ಹ್ಯಾಟ್ರಿಕ್ ಗಳಿಸಿದವರು ಬಟಿಸ್ಟುಟಾ ಒಬ್ಬರೇ. ನಡುವಿನ ನಾಲ್ಕು ವರ್ಷಗಳಲ್ಲಿ ರಾಷ್ಟ್ರೀಯ ತಂಡದ ತರಬೇತುದಾರರಾಗಿದ್ದವರು ರಿವರ್ ಪ್ಲೇಟ್‌ನ ಅದೇ ಪಸರೆಲ್ಲಾ. ಅವರ ಕಾಲದಲ್ಲಿ ಬಟಿಸ್ಟುಟಾ ಕೆಲಕಾಲ ತಂಡದ ಹೊರಗೂ ಇದ್ದರು ಎಂಬುದನ್ನು ನೆನೆದರೆ ಎರಡನೇ ಹ್ಯಾಟ್ರಿಕ್‌ನ ಬೆಲೆ ಇನ್ನೂ ಚೆನ್ನಾಗಿ ತಿಳಿಯುತ್ತದೆ.

2002ರಲ್ಲಿ ಬಿಯೆಲ್ಸಾ ತರಬೇತಿಯ ತಂಡ ಪ್ರಶಸ್ತಿಯ ದೊಡ್ಡ ನಿರೀಕ್ಷೆಯೊಂದಿಗೆ ಹೋಗಿ, ಸ್ವೀಡನ್ ಜೊತೆ 1-1 ಸಮಬಲ ಮಾಡಿಕೊಂಡು ಮೊದಲ ಹಂತದಲ್ಲೇ ಹೊರಬಂತು. ಅರ್ಜೆಂಟೀನಾ ಪರ ಅವರ ಆಟ ಅಲ್ಲಿಗೆ ಮುಗಿಯಿತು.

ಪ್ರಶ್ನೆ: ವಿಶ್ವದ ಶ್ರೇಷ್ಠ ಆಟಗಾರ ಎಂಬ ಪ್ರಶಸ್ತಿ ಅವರಿಗೆ ಬಂದಿತ್ತೇ?
– ಶಿಕಾರಿಪುರ

ಉತ್ತರ: ಇಲ್ಲ. 1999ರ ಫಿಫಾ ಪ್ರಶಸ್ತಿಯ ಮತದಾನದಲ್ಲಿ ರಿವಾಲ್ಡೊ, ಬೆಕಮ್ ಅವರ ನಂತರ ಮೂರನೇ ಸ್ಥಾನ ಪಡೆದಿದ್ದರು.

ಪ್ರಶ್ನೆ: ನಮ್ಮ ಪ್ರೌಢಶಾಲೆಯ ತಂಡದಲ್ಲಿ ಬಲವಾಗಿ ಹೊಡೆಯುವ ಹುಡುಗರಿದ್ದಾರೆ, ಗೋಲು ಮಾತ್ರ ಬರುವುದಿಲ್ಲ. ಬಟಿಸ್ಟುಟಾ ಅವರ ಆಟದಿಂದ ಇವರಿಗೆ ಕಲಿಸಬಹುದಾದದ್ದು ಏನಾದರೂ ಇದೆಯೇ? ನಮ್ಮಲ್ಲಿ ಮಳೆಗಾಲದಲ್ಲಿ ಮೈದಾನವೆಲ್ಲ ಕೆಸರು ಎಂಬುದನ್ನೂ ಗಮನಿಸಿ ತಿಳಿಸಿ.
– ದೈಹಿಕ ಶಿಕ್ಷಣ ಶಿಕ್ಷಕರು, ಕೊಪ್ಪ

ಉತ್ತರ: ಇದೆ, ಮತ್ತು ಅದಕ್ಕೆ ದುಬಾರಿ ಸಲಕರಣೆ ಏನೂ ಬೇಡ. ಬಟಿಸ್ಟುಟಾ ನಾಲ್ವರನ್ನು ವಂಚಿಸಿ ಸಾಗುವ ಆಟಗಾರರಾಗಿರಲಿಲ್ಲ. ಚೆಂಡು ಬರುವ ಮೊದಲೇ ರಕ್ಷಕನ ಕಣ್ಣು ತಪ್ಪಿಸಿ ಒಂದೆರಡು ಹೆಜ್ಜೆ ಜಾಗ ಮಾಡಿಕೊಳ್ಳುವುದು, ಮೊದಲ ಸ್ಪರ್ಶದಲ್ಲೇ ಚೆಂಡನ್ನು ಹೊಡೆಯಲು ಅನುವಾಗುವ ಕಡೆ ಇಟ್ಟುಕೊಳ್ಳುವುದು, ತಡಮಾಡದೆ ಹೊಡೆಯುವುದು. ಅವರ ಬಹುಪಾಲು ಗೋಲುಗಳು ಈ ಕ್ರಮದಲ್ಲಿ ಬಂದವು. ಅವರ ಹಿಂದೆ ಪೋರ್ಚುಗಲ್‌ನ ರುಯಿ ಕೋಸ್ಟಾ ಅವರಂಥ ಮಿಡ್‌ಫೀಲ್ಡರ್ ಇದ್ದರು. ಅವರು ತಲೆ ಎತ್ತಿ ನೋಡುವ ಕ್ಷಣಕ್ಕೆ ಬಟಿಸ್ಟುಟಾ ಓಟ ಆರಂಭಿಸಿ ಆಗಿರುತ್ತಿತ್ತು. ಆದ್ದರಿಂದ ತಮ್ಮ ಹುಡುಗರನ್ನು ಸಾಲಾಗಿ ನಿಲ್ಲಿಸಿ, ನಿಂತ ಚೆಂಡನ್ನು ಗೋಲಿಗೆ ಹೊಡೆಸುವುದನ್ನು ಕಡಿಮೆ ಮಾಡಿ. ಪಂದ್ಯದಲ್ಲಿ ಅಂಥ ಚೆಂಡು ಸಿಗುವುದು ಬಹಳ ಅಪರೂಪ. ಬದಲಿಗೆ ಒಬ್ಬ ಪಾಸ್ ಕೊಡಲಿ, ಒಬ್ಬ ಬೆನ್ನಿಗೆ ಅಂಟಿಕೊಂಡು ಕಾಡಲಿ, ಹೊಡೆಯುವವನಿಗೆ ಎರಡೇ ಸ್ಪರ್ಶಗಳ ಅವಕಾಶವಿರಲಿ.

ಕೆಸರಿನ ವಿಷಯ. ನಮ್ಮ ಕೆಂಪು ಮಣ್ಣಿನ ಮೈದಾನದಲ್ಲಿ ನೀರು ನಿಂತ ಕಡೆ ಚೆಂಡು ಥಟ್ಟನೆ ನಿಲ್ಲುತ್ತದೆ, ಒದ್ದೆ ಹುಲ್ಲಿರುವ ಕಡೆ ನಿರೀಕ್ಷೆಗಿಂತ ವೇಗವಾಗಿ ಜಾರುತ್ತದೆ. ಇದರಿಂದ ಸ್ಟ್ರೈಕರ್‌ಗೆ ಲಾಭವೂ ಇದೆ: ಒದ್ದೆ ಚೆಂಡನ್ನು ಗೋಲ್‌ಕೀಪರ್ ಬಿಗಿಯಾಗಿ ಹಿಡಿಯುವುದು ಕಷ್ಟ, ತಗ್ಗಿನಲ್ಲಿ ಹೊಡೆದರೆ ಚೆಲ್ಲುವ ಸಂಭವ ಹೆಚ್ಚು, ಆ ಚೆಂಡಿಗಾಗಿ ಕಾದು ಓಡುವವನಿಗೆ ಗೋಲು ಸಿಗುತ್ತದೆ. ಆದರೆ ಸಿಡಿಲು ಗುಡುಗು ಇರುವಾಗ ಯಾವ ಕಾರಣಕ್ಕೂ ಮಕ್ಕಳನ್ನು ಬಯಲಿಗೆ ಇಳಿಸಬೇಡಿ. ಮೊಳೆಯಿಲ್ಲದ, ಸವೆದ ತಳದ ಬೂಟಿನಲ್ಲಿ ಜಾರುವ ನೆಲದ ಮೇಲೆ ಆಡಿಸಬೇಡಿ. ಪಾದದ ಗಂಟು ಹೊರಳುವುದು ಹೆಚ್ಚಾಗಿ ಹೀಗೆಯೇ.

ಪ್ರಶ್ನೆ: ನನ್ನ ಮಗ ಒಂಬತ್ತನೇ ತರಗತಿ, ಶಾಲಾ ತಂಡದ ಸ್ಟ್ರೈಕರ್. ಹದಿನೈದು ದಿನಗಳಲ್ಲಿ ಎರಡು ಸಲ ಅದೇ ಕಾಲು ಉಳುಕಿದೆ, ಗಂಟು ಇನ್ನೂ ಊದಿಕೊಂಡಿದೆ. ಮುಂದಿನ ವಾರ ತಾಲ್ಲೂಕು ಮಟ್ಟದ ಪಂದ್ಯವಿದೆ. ನೋವಿನ ಮಾತ್ರೆ ತೆಗೆದುಕೊಂಡು ಆಡುತ್ತೇನೆ, ದೊಡ್ಡ ಆಟಗಾರರೆಲ್ಲ ಹಾಗೆಯೇ ಮಾಡುತ್ತಾರೆ ಎನ್ನುತ್ತಾನೆ. ಏನು ಹೇಳಲಿ?
– ತಾಯಿ, ಸಾಗರ

ಉತ್ತರ: ದೊಡ್ಡ ಆಟಗಾರರು ಹಾಗೆ ಮಾಡಿದ್ದು ನಿಜ, ತಾಯಿ. ಅದರಿಂದ ಅವರಿಗೆ ಏನಾಯಿತು ಎಂಬುದನ್ನೂ ಮಗನಿಗೆ ಹೇಳಿ. ಬಟಿಸ್ಟುಟಾ ನೋವಿನಲ್ಲಿಯೇ ಎಷ್ಟೋ ಪಂದ್ಯ ಆಡಿದವರು. ರೋಮಾದ ನಂತರ 2003ರಲ್ಲಿ ಇಂಟರ್ ಮಿಲಾನ್‌ನಲ್ಲಿ ಕೆಲ ತಿಂಗಳು ಇದ್ದಾಗ 12 ಲೀಗ್ ಪಂದ್ಯಗಳಲ್ಲಿ ಹೊಡೆಯಲಾದದ್ದು 2 ಗೋಲು. ಬಳಿಕ ಕತಾರ್‌ನ ಅಲ್ ಅರಬಿ ತಂಡಕ್ಕೆ ಒಂದೇ ಋತುವಿನಲ್ಲಿ 25 ಗೋಲು ಹೊಡೆದರೂ ದೇಹ ಮುಂದೆ ಸಾಗಗೊಡಲಿಲ್ಲ, 2005ರಲ್ಲಿ ನಿವೃತ್ತರಾದರು. ನಿವೃತ್ತಿಯ ನಂತರದ ನೋವಿನ ಕುರಿತು ಅವರು 2014ರಲ್ಲಿ ಬಹಿರಂಗವಾಗಿ ಮಾತನಾಡಿದರು: ಕೆಲವೇ ಹೆಜ್ಜೆ ದೂರದ ಶೌಚಾಲಯಕ್ಕೆ ನಡೆಯಲಾಗದೆ ರಾತ್ರಿ ಹಾಸಿಗೆಯಲ್ಲೇ ಮೂತ್ರ ಮಾಡಿಕೊಂಡದ್ದು, ತಮ್ಮ ವೈದ್ಯರ ಬಳಿ ಹೋಗಿ ಕಾಲುಗಳನ್ನೇ ಕತ್ತರಿಸಿಬಿಡಿ ಎಂದು ಬೇಡಿಕೊಂಡದ್ದು. ವೈದ್ಯರು ಒಪ್ಪಲಿಲ್ಲ. ಪಾದದ ಗಂಟಿನ ಮೃದ್ವಸ್ಥಿ ಸವೆದುಹೋಗಿ ಮೂಳೆಗೆ ಮೂಳೆ ಉಜ್ಜುತ್ತಿತ್ತು. 2019ರಲ್ಲಿ ಸ್ವಿಟ್ಜರ್ಲೆಂಡ್‌ನಲ್ಲಿ ಶಸ್ತ್ರಚಿಕಿತ್ಸೆ ಮಾಡಿ ಪಾದದ ಗಂಟಿಗೆ ಕೃತಕ ಕೀಲು ಅಳವಡಿಸಿದರು. ನಾನು ಅವರ ಗೋಲುಗಳನ್ನು ಮನಸಾರೆ ಮೆಚ್ಚುವವನು. ಆದರೆ ಆ ನೋವನ್ನು ಸಹಿಸಿದ್ದನ್ನು ಮಕ್ಕಳ ಮುಂದೆ ಶೌರ್ಯವೆಂದು ಹೇಳಲಾರೆ.

ಮಾತ್ರೆಯಿಂದ ನೋವು ಕಡಿಮೆಯಾಗುತ್ತದೆಯೇ ಹೊರತು ಹಿಗ್ಗಿದ ಅಸ್ಥಿರಜ್ಜು ಕೂಡಿಕೊಳ್ಳುವುದಿಲ್ಲ. ನೋವಿನ ಎಚ್ಚರಿಕೆಯಿಲ್ಲದೆ ಓಡಿದಾಗ ಅದೇ ಜಾಗಕ್ಕೆ ಇನ್ನೂ ದೊಡ್ಡ ಪೆಟ್ಟಾಗುವ ಅಪಾಯವಿದೆ. ಎರಡು ಸಲ ಉಳುಕಿ ಊತ ಇಳಿಯದಿರುವುದರಿಂದ ಎಣ್ಣೆ ಹಚ್ಚಿ ನೀವಿಸುವುದನ್ನು ನಿಲ್ಲಿಸಿ, ಮೂಳೆ ವೈದ್ಯರಿಗೆ ತೋರಿಸಿ. ನಾಲ್ಕು ಹೆಜ್ಜೆ ಊರಿ ನಡೆಯಲು ಆಗದಿದ್ದರೆ, ಅಥವಾ ಗಂಟಿನ ಮೂಳೆಯ ಮೇಲೆಯೇ ಒತ್ತಿದಾಗ ನೋವಿದ್ದರೆ ಎಕ್ಸ್‌ರೇ ಮಾಡಿಸಲೇಬೇಕು. ಅಲ್ಲಿಯವರೆಗೆ ವಿಶ್ರಾಂತಿ, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ, ಹದವಾದ ಕ್ರೇಪ್ ಬ್ಯಾಂಡೇಜ್, ಮಲಗುವಾಗ ಕಾಲಿನ ಕೆಳಗೆ ದಿಂಬು. ವೈದ್ಯರು ಒಪ್ಪಿದ ಮೇಲೆ ಒಂಟಿ ಕಾಲಿನಲ್ಲಿ ನಿಂತು ತೂಕ ಕಾಯ್ದುಕೊಳ್ಳುವುದು, ತುದಿಗಾಲಿನಲ್ಲಿ ಏಳುವುದು, ಆಮೇಲೆ ನೇರ ಓಟ, ಅದು ನೋವಿಲ್ಲದೆ ಆದ ಮೇಲೆಯೇ ತಿರುಗಿ ಓಡುವುದು ಮತ್ತು ಚೆಂಡು ಹೊಡೆಯುವುದು. ಇದಕ್ಕೆ ಕೆಲವು ವಾರಗಳೇ ಬೇಕಾಗಬಹುದು. ಬಟಿಸ್ಟುಟಾ ದೊಡ್ಡ ಕ್ಲಬ್ಬಿಗೆ ಸೇರಿದ್ದೇ ಹತ್ತೊಂಬತ್ತಕ್ಕೆ ಎಂದು ಮಗನಿಗೆ ತಿಳಿಸಿ. ಒಂಬತ್ತನೇ ತರಗತಿಯಲ್ಲಿ ಒಂದು ಪಂದ್ಯ ತಪ್ಪಿದ್ದರಿಂದ ಅವನ ದಾರಿ ಮುಚ್ಚುವುದಿಲ್ಲ. ಈ ಪಂದ್ಯಕ್ಕೆ ಬೇರೆ ಹುಡುಗನ ಹೆಸರು ಕೊಡುವಂತೆ ಅವನ ದೈಹಿಕ ಶಿಕ್ಷಣ ಶಿಕ್ಷಕರಿಗೆ ಈಗಲೇ ಹೇಳಿಬಿಡಿ, ಕೊನೆಯ ದಿನದವರೆಗೆ ಕಾಯಬೇಡಿ.